ನೂರಕ್ಕೆ ಒಬ್ಬರೂ ಕೇಳದ ಹಾಲಪ್ಪ

ಚಿನ್ನದ ಗಣಿಯ ಕಡೆಯ ಕೋರಮಂಡಲ್‌ನ ಖಾಸಗಿ ಶಾಲೆಯೊಂದರಲ್ಲಿ ಗುಮಾಸ್ತನಾಗಿದ್ದ ಮುನೀಂದ್ರನಿಗೆ ಫುಟ್‌ಬಾಲ್ ಆಡಲು ಬರುತ್ತಿರಲಿಲ್ಲ. ನೋಡಲೂ ಅಷ್ಟಾಗಿ ಬರುತ್ತಿರಲಿಲ್ಲ. ಚೆಂಡು ಬಲೆಯೊಳಗೆ ಹೋದರೆ ಗೋಲು, ಹೋಗದಿದ್ದರೆ ಅಲ್ಲ ಎಂಬಲ್ಲಿಗೆ ಅವನ ಪಾಂಡಿತ್ಯ ಮುಗಿಯುತ್ತಿತ್ತು. ಆದರೂ ಇಂಗ್ಲೆಂಡಿನಲ್ಲಿ ವಾರವಾರವೂ ನಡೆಯುವ ಪಂದ್ಯಗಳಿಗೆ ಬಂಗಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯ ದನದ ಕೊಟ್ಟಿಗೆಯಲ್ಲಿ ನಿಂತು ತಂಡ ಕಟ್ಟುವ ಹೊಣೆಯನ್ನು ಅವನು ತಾನಾಗಿಯೇ ತಲೆ ಮೇಲೆ ಹೊತ್ತುಕೊಂಡಿದ್ದ. ಕೊಟ್ಟಿಗೆಯೇ ಏಕೆಂದರೆ, ಅವನ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ಅದೂ ಸೀಮೆಹಸುವಿನ ಪಕ್ಕದ ಗೋಡೆಗೆ ಒರಗಿ, ಅದು ಬಾಲ ಬೀಸದ ಹೊತ್ತು ನೋಡಿಕೊಂಡು ನಿಂತರೆ.

ಈ ಗೀಳನ್ನು ಅಂಟಿಸಿದವನು ಶಾಲೆಯ ಪಿ.ಟಿ. ಮೇಷ್ಟ್ರು ಕುಪ್ಪುಸ್ವಾಮಿ. ಅಲ್ಲೇ ಪಕ್ಕದ ಚಾಂಪಿಯನ್ ರೀಫ್ಸ್ ಗಣಿ ಕಾಲೊನಿಯವನು. ಅವನ ತಾತನೂ ಅಪ್ಪನೂ ಗಣಿಗಿಳಿದು ಮೇಲೆ ಬಂದ ಮೇಲೆ ಫುಟ್‌ಬಾಲ್ ಆಡಿದವರು. ಗಣಿ ಮುಚ್ಚಿತು, ಫುಟ್‌ಬಾಲ್ ಮುಚ್ಚಲಿಲ್ಲ, ಆಡುವವರಿಗೆ ವಯಸ್ಸಾಯಿತಷ್ಟೆ. ಕುಪ್ಪುಸ್ವಾಮಿ ಶಾಲೆಯ ಸಿಬ್ಬಂದಿಯನ್ನೆಲ್ಲ ಸೇರಿಸಿ ಮೊಬೈಲಿನಲ್ಲಿ ಒಂದು ಪಂದ್ಯಾವಳಿ ಹೂಡಿದ್ದ. ಇದರಲ್ಲಿ ಕಾಸಿನ ಮಾತಿಲ್ಲ, ಮರ್ಯಾದೆಯ ಮಾತು. ಇಂಗ್ಲೆಂಡಿನ ಆಟಗಾರರಲ್ಲಿ ಬೇಕಾದವರನ್ನು ನೀವು ಆರಿಸಿಕೊಳ್ಳಬೇಕು. ಅವರು ಅಲ್ಲಿ ನಿಜವಾಗಿ ಮೈದಾನಕ್ಕಿಳಿದು ಗೋಲು ಹೊಡೆದರೆ, ಇಲ್ಲವೇ ತಡೆದರೆ, ಇಲ್ಲಿ ನಿಮಗೆ ಅಂಕ. ಅವರು ಬೆಂಚಿನ ಮೇಲೆ ಕೂತರೆ ನೀವೂ ಕೂತಂತೆ.

ಮುನೀಂದ್ರ ಹೋದ ವಾರ ಗೋಲು ಹೊಡೆದವನನ್ನು ಈ ವಾರ ಆರಿಸುತ್ತಿದ್ದ. ಅವನು ಆರಿಸಿದ ವಾರ ಆ ಆಟಗಾರ ಜ್ವರ ಬಂದು ಮಲಗುತ್ತಿದ್ದ. ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಗಣಿತದ ಸೆಲ್ವಿ ಮೇಡಂ ಇದ್ದರೆ, ಎಲ್ಲರಿಗಿಂತ ಕೆಳಗೆ, ಬಸ್ಸಿನ ಹಿಂದೆ ಜೋತುಬಿದ್ದವನಂತೆ, ಮುನೀಂದ್ರನಿದ್ದ.

ಒಂದು ದಿನ ಕುಪ್ಪುಸ್ವಾಮಿಯೇ ಕನಿಕರಪಟ್ಟು ಗುಟ್ಟು ಹೇಳಿಕೊಟ್ಟ. “ಎಲ್ಲಾರ್ ಹತ್ರ ಇರೋನು ನಿಮ್ ಹತ್ರಾನೂ ಇದ್ರೆ ಏನ್ ಸಾರ್ ಪ್ರಯೋಜನ? ಅವನು ಗೋಲ್ ಹೊಡುದ್ರೆ ಎಲ್ಲಾರ್ಗೂ ಅಂಕ ಬಂತು, ನೀವು ಅಲ್ಲೇ ಇದ್ರಿ. ಯಾರೂ ಕೇಳ್ದೇ ಇರೋನು ಒಬ್ಬ ಎಲ್ಲಾದ್ರೂ ಮೂಲೇಲಿ ಇರ್ತಾನೆ ಪಾ. ಅವನ್ನ ಹುಡುಕ್ರಿ. ಅವನು ಎದ್ದು ನಿಂತ ದಿವ್ಸ ನೀವೊಬ್ರೇ ರಾಜ.”

ಮುನೀಂದ್ರ ಹುಡುಕಿದ. ಮೊದಲ ವಾರವೇ, ಹೆಸರು ಓದಲು ಬಾರದೆ ಬೆರಳು ತಪ್ಪಿ ಒತ್ತಿದ ಯಾವನೋ ಒಬ್ಬ ರಕ್ಷಣೆಯ ಆಟಗಾರ ತಲೆಯಿಂದ ಎರಡು ಗೋಲು ಹೊಡೆದ. ಅವನನ್ನು ಆರಿಸಿದವರು ಇಡೀ ಶಾಲೆಯಲ್ಲಿ ಇನ್ನಾರೂ ಇರಲಿಲ್ಲ. ಮುನೀಂದ್ರ ಏಕಾಏಕಿ ಪಟ್ಟಿಯ ನಡುವಿಗೆ ಏರಿದ. ಬೆರಳು ತಪ್ಪಿದ ಸಂಗತಿಯನ್ನು ಅವನು ಯಾರಿಗೂ ಹೇಳಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ತಾನೂ ಮರೆತ. “ಯಾರ ಕಣ್ಣಿಗೂ ಬೀಳದವರನ್ನ ಕಂಡುಹಿಡಿಯೋದು ಒಂದು ವಿದ್ಯೆ. ಕೆಲವರಿಗೆ ಹುಟ್ಟಿನಿಂದ ಬಂದಿರ್ತದೆ” ಎಂದು ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಕಾಯುವವರಿಗೆಲ್ಲ ಹೇಳತೊಡಗಿದ. ಹೆಂಡತಿ ಶ್ಯಾಮಲ ಮಾತ್ರ, “ಆಲಿನ ಕ್ಯಾನ್ ಮುಚ್ಚಳ ಮೊನ್ನೆಯಿಂದ ಕಾಣ್ತಿಲ್ಲ. ಅದುನ್ನ ಒಸಿ ಕಂಡಿಡೀರಿ” ಎಂದಳು.

ಈ ಹೊತ್ತಿನಲ್ಲಿ ಅವನ ಮನೆಯ ಸ್ಥಿತಿ ನಗುವಂಥದ್ದಾಗಿರಲಿಲ್ಲ. ಅವನ ತಾಯಿ ಅನಸೂಯಮ್ಮನ ಎರಡೂ ಕಿಡ್ನಿ ಕೈಬಿಟ್ಟಿದ್ದವು. ಆಸ್ಪತ್ರೆಯವರು, ಇನ್ನು ಮನೆಯಲ್ಲಿಟ್ಟುಕೊಂಡು ಅವರು ಕೇಳಿದ್ದು ಕೊಡಿ ಎಂದು ಕಳಿಸಿದ್ದರು. ಅನಸೂಯಮ್ಮ ಏನನ್ನೂ ಕೇಳುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದವರು ಒಂದು ಲೋಟ ಗಂಜಿಗೂ ಬಾಯಿ ಬಿಡುತ್ತಿರಲಿಲ್ಲ. ಅವರಿಗಿದ್ದ ಕೊರಗು ಒಂದೇ, ಮಗಳು ಭಾನುಪ್ರಿಯ. ಬೂದಿಕೋಟೆ ರಸ್ತೆಯ ನರ್ಸರಿಯಲ್ಲಿ ಟೊಮೇಟೊ ಸಸಿ ಬೆಳೆಸುವ ಕೆಲಸ ಅವಳದು. ವಯಸ್ಸು ಮೂವತ್ತು ದಾಟಿ ಬಹಳವಾಗಿತ್ತು. ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಎಡಗೈಯ ಎರಡು ಬೆರಳು ಹೋಗಿದ್ದವು. ನೋಡಲು ಬಂದ ಗಂಡಿನ ಕಡೆಯವರು ಬೋಂಡ ತಿಂದು, ಕಾಫಿ ಕುಡಿದು, ಕೈ ನೋಡಿ, ಊರಿಗೆ ಹೋಗಿ ಹೇಳಿಕಳಿಸುತ್ತೇವೆ ಎಂದು ಹೋಗುತ್ತಿದ್ದರು. ಹೇಳಿಕಳಿಸಿದವರು ಒಬ್ಬರೂ ಇಲ್ಲ.

ಅನಸೂಯಮ್ಮ ಮಲಗಿದ್ದ ಕೋಣೆಗೂ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲೊಂದು ಕಿಂಡಿ. ಆ ಸಂಜೆ ಮುನೀಂದ್ರ ಅದರ ಪಕ್ಕದಲ್ಲೇ ನಿಂತು ಕುಪ್ಪುಸ್ವಾಮಿಗೆ ಫೋನು ಮಾಡಿದ. ಅವನಿಗೊಂದು ನಿಧಿ ಸಿಕ್ಕಿತ್ತು. ಮಾಲ್‌ವರ್ತ್ ಎಂಬ ಕೊನೆಯ ಸ್ಥಾನದ ತಂಡದ ಗೋಲ್‌ಕೀಪರ್, ಹೆಸರು ಹಾಲ್ಬರ್ಗ್.

“ಹುಡುಗ ಸಿಕ್ಕಿದ ಕುಪ್ಪುಸ್ವಾಮಿ. ಚಿನ್ನದಂಥೋನು” ಎಂದ ಮುನೀಂದ್ರ. “ನೂರಕ್ಕೆ ಒಬ್ರೂ ಕೇಳಿಲ್ಲ ಇವನ್ನ. ಮೊಣಕಾಲು ಆಪರೇಷನ್ ಆಗಿತ್ತು ಅಂತ ಎಲ್ಲಾರೂ ಕೈ ಬಿಟ್ಟವ್ರೆ. ಈಗ ವಾಸಿಯಾಗೈತೆ. ವಯಸ್ಸು ಮೂವತ್ತಾರು, ಅದೇನು ಮಹಾ ವಯಸ್ಸಲ್ಲ ಬಿಡಿ. ಎತ್ತರ ನೋಡಿದ್ರೆ ಬಾಗಿಲಿಗೆ ತಲೆ ತಾಗ್ತದೆ. ಶನಿವಾರ ಇಳೀತಾನೆ. ಬೇರೆಯೋರಿಗೆ ಗೊತ್ತಾಗೋಕೆ ಮುಂಚೆ ನಾನು ನಮ್ಮೋನು ಅಂತ ಮಾಡ್ಕಂಡ್ಬಿಟ್ಟೆ.”

ಫೋನು ಇಟ್ಟವನಿಗೆ ಕಿಂಡಿಯಾಚೆಯಿಂದ ಕರೆ ಕೇಳಿಸಿತು. ಒಳಗೆ ಹೋಗಿ ನೋಡಿದರೆ ಅನಸೂಯಮ್ಮ ಮೊಣಕೈ ಊರಿ ಎದ್ದು ಕೂತಿದ್ದರು. ಅವರು ಹಾಗೆ ತಾವಾಗಿ ಎದ್ದು ಕೂತದ್ದನ್ನು ಮನೆಯವರು ನೋಡಿ ಬಹಳ ದಿನವಾಗಿತ್ತು.

“ಎಲ್ಲಿ ಇಳೀತಾನ್ಲಾ? ಬಂಗಾರಪೇಟೆನಾಗಾ?”

“ಯಾರಮ್ಮಾ?”

“ಆ ಹುಡುಗ. ಶನಿವಾರ ಇಳೀತಾನೆ ಅಂದ್ಯಲ್ಲ. ಭಾನೂಗೆ ಅಂತ ಒಳಗೊಳಗೇ ನೋಡ್ತಿದ್ದೀಯ, ನಂಗೊಂದು ಮಾತು ಏಳ್ದೇನೆ.”

ಮುನೀಂದ್ರ ಸತ್ಯ ಹೇಳಲು ಬಾಯಿ ತೆರೆದ. ತೆರೆದ ಬಾಯಿಂದ “ಊಂ” ಎಂದು ಹೊರಟಿತು. ಅದನ್ನು ಅವನು ಹೇಳಿದನೆನ್ನುವುದಕ್ಕಿಂತ ಅದು ತಾನಾಗಿ ಬಂತೆನ್ನುವುದೇ ನ್ಯಾಯ.

“ಎಸ್ರೇನು?”

“ಹಾಲ್ಬ...”

“ಆಲಪ್ಪನಾ? ಒಳ್ಳೇ ಎಸ್ರು. ಎಸ್ರಲ್ಲೇ ಆಲೈತೆ. ಏನ್ ಕೆಲಸ?”

“ಕೀಪರ್.”

“ಸ್ಟೋರ್ ಕೀಪರಾ?”

“ಅಂಗೇ ಅನ್ಕೊ. ಏನೂ ಒಳಗೆ ಓಗದಂಗೆ ನೋಡ್ಕಳೋದು.”

“ನಿಯತ್ತಿನ ಕೆಲಸ” ಎಂದು ಅನಸೂಯಮ್ಮ ತಲೆದೂಗಿದರು. ಆಮೇಲೆ ದನಿ ತಗ್ಗಿಸಿ, “ಭಾನು ಕೈ ಇಚಾರ ಏಳಿದೀಯಾ?” ಎಂದರು. ಅವರೇ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡರು. “ಅವನ್ಗೂ ಮೊಣಕಾಲಿಂದು ಐತಲ್ಲ. ನೋವು ತಿಂದೋನಿಗೆ ನೋವು ಗೊತ್ತಿರ್ತದೆ. ಶ್ಯಾಮಲನ್ನ ಕೂಗು. ಒಸಿ ಗಂಜಿ ತರ್ಲಿ.”

ಶ್ಯಾಮಲ ಗಂಜಿ ತಂದಳು. ಅತ್ತೆ ಅರ್ಧ ಬಟ್ಟಲು ಕುಡಿದು ಉಪ್ಪಿನಕಾಯಿ ಕೇಳಿದ್ದನ್ನು ನೋಡಿ ಅವಳ ಕಣ್ಣು ತುಂಬಿದವು. ಹೊರಗೆ ಬಂದ ಮೇಲೆ ಮುನೀಂದ್ರ ಅವಳಿಗೆ ಇದ್ದದ್ದು ಇದ್ದಂತೆ ಹೇಳಿದ. ಶ್ಯಾಮಲ ಖಾಲಿ ಬಟ್ಟಲನ್ನು ಅವನ ಮುಖದೆದುರು ಹಿಡಿದಳು. “ಇದುನ್ನ ನೋಡ್ರಿ. ನೋಡಿದ್ರಾ? ಈಗ ಓಗಿ ಸುಳ್ಳು ಅಂತ ಏಳ್ತೀರಾ? ಏಳಿ ನೋಡಾನ.”

ಅವನು ಹೇಳಲಿಲ್ಲ.

ಮರುದಿನ ಬೂದಿಕೋಟೆಯಿಂದ ಅನಸೂಯಮ್ಮನ ತಮ್ಮ ಸುಬ್ಬರಾಯಪ್ಪ, ಅಕ್ಕ ಹೇಳಿಕಳಿಸಿದ್ದಕ್ಕೆ, ಬೈಕಿನ ಮೇಲೆ ಬಂದಿಳಿದ. ಯಾವ ಮನೆತನದ ಹೆಸರೆತ್ತಿದರೂ ತನಗೆ ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

“ಯಾವೂರೋನಪ್ಪಾ ಹುಡುಗ?”

“ಮಾಲ್‌ವ...” ಎಂದು ಮುನೀಂದ್ರ ತಡವರಿಸಿದ.

“ಮಾಲೂರಾ?” ಸುಬ್ಬರಾಯಪ್ಪ ತೊಡೆ ತಟ್ಟಿಕೊಂಡ. “ಮಾಲೂರು ಆಲಪ್ಪ ಅಂದ್ರೆ ನಮ್ಮ ಹೆಂಚಿನ ಫ್ಯಾಕ್ಟ್ರಿ ಪಕ್ಕದ ಮನೆಯೋರು ಕಣಕ್ಕಾ. ಅವರಪ್ಪನೂ ನಾನೂ ಒಂದೇ ಬೀಡಿ ಸೇದಿದೋರು. ಕಾಲು ಆಪರೇಷನ್ ಆಗಿದ್ದು ನಂಗೆ ಗೊತ್ತು. ಬಿದ್ದಿದ್ದು ಮಾವಿನ ಮರದಿಂದ.”

ಸುಬ್ಬರಾಯಪ್ಪ ಊಟ ಮುಗಿಸಿ ಏಳುವಷ್ಟರಲ್ಲಿ ಹಾಲಪ್ಪನಿಗೆ ಒಬ್ಬ ಅಪ್ಪ, ಇಬ್ಬರು ಚಿಕ್ಕಪ್ಪಂದಿರು ಹಾಗೂ ರಸ್ತೆ ಬದಿಯ ಒಂದು ಮಾವಿನ ತೋಪು ಬಂದಿದ್ದವು. ಇಷ್ಟು ಆಸ್ತಿವಂತನನ್ನು ಇಲ್ಲ ಎನ್ನುವುದು ಮುನೀಂದ್ರನಂಥವನ ಕೈಲಾಗುವ ಕೆಲಸವೇ?

ಸುದ್ದಿ ಹಾಲಿನ ಡೇರಿಗೆ ಹೋಯಿತು. ಕಾರ್ಯದರ್ಶಿ ಕದಿರಪ್ಪ ಜನರ ಹಾಲಿನ ಜಿಡ್ಡು ನೋಡುತ್ತಲೇ ಹಾಲಪ್ಪನ ಗುಣವನ್ನೂ ನೋಡಿಬಿಟ್ಟ. ಸಿಗರೇಟಿಲ್ಲ, ಕುಡಿತವಿಲ್ಲ, ಮೀಸೆ ತೆಳ್ಳಗೆ. ಎದುರುಮನೆಯ ಪಿಳ್ಳಮ್ಮ, “ಅವನ್ನ ನಮ್ಮ ಮಗಳ ನಾದಿನಿಗೂ ಕೇಳಿದ್ರು. ಎತ್ತರ ಜಾಸ್ತಿಯಾಯ್ತು ಅಂತ ನಾವೇ ಬ್ಯಾಡ ಅಂದ್ವಿ” ಎಂದಳು. ಅವಳ ಹಿಂದೆ ಇನ್ನೂ ನಾಲ್ಕಾರು ಮನೆಯವರು ಹಾಲಪ್ಪನನ್ನು ತಾವೂ ನೋಡಿ ಬಿಟ್ಟದ್ದಾಗಿ ಹೇಳಿಕೊಂಡರು. ನೂರಕ್ಕೆ ಒಬ್ಬರೂ ಕೇಳದಿದ್ದವನು ವಾರ ತುಂಬುವುದರೊಳಗೆ ಊರಿಗೇ ಬೇಕಾದವನಾದ.

ನಿಜಕ್ಕೂ ಕೇಳಬೇಕಾದವಳು ಕೇಳಿದ್ದು ಎಲ್ಲರಿಗಿಂತ ಕೊನೆಯಲ್ಲಿ. ಭಾನುಪ್ರಿಯ ನರ್ಸರಿಯಿಂದ ಬಂದು ಕೈಕಾಲು ತೊಳೆದು ನೇರ ಕೊಟ್ಟಿಗೆಗೆ ಬಂದಳು.

“ಅಣ್ಣ, ಯಾವನದು ಆಲಪ್ಪ?”

ಮುನೀಂದ್ರ ಮೊಬೈಲು ತೆಗೆದು ಹಾಲ್ಬರ್ಗ್‌ನ ಚಿತ್ರ ತೋರಿಸಿದ. ಹಳದಿ ಗಡ್ಡ, ಹಸಿರು ಅಂಗಿ, ಎರಡೂ ಕೈಗೆ ದಿಂಬಿನಂಥ ಕೈಗವಸು. ಭಾನುಪ್ರಿಯ ಬಹಳ ಹೊತ್ತು ನೋಡಿದಳು. ಬಯ್ಯುತ್ತಾಳೆ ಎಂದು ಮುನೀಂದ್ರ ಹಸುವಿನ ಹಿಂದಕ್ಕೆ ಸರಿದ.

“ಇವನ್ಗೆ ನನ್ನ ಕೈ ಕಾಣಾಕಿಲ್ಲ, ನಂಗೆ ಇವನ್ದು ಕಾಣಾಕಿಲ್ಲ” ಎಂದಳು. ಆಮೇಲೆ ಮೊಬೈಲು ವಾಪಸು ಕೊಟ್ಟು, “ಅಮ್ಮ ಇವತ್ತು ನನ್ನ ಕೂರಿಸ್ಕಂಡು ತಲೆ ಬಾಚ್ತು. ಎಷ್ಟು ವರ್ಸ ಆಗಿತ್ತು. ಸುಳ್ಳು ಅಂತ ಯಾರಾದ್ರೂ ಅಂದ್ರೆ ಅವ್ರನ್ನ ನಾನು ಸುಮ್ನೆ ಬಿಡಾಕಿಲ್ಲ, ನಿನ್ನೂ ಸೇರಿಸಿ” ಎಂದಳು.

ಶನಿವಾರ ಬಂತು. ಮುನೀಂದ್ರ ಎಷ್ಟು ಬೇಡವೆಂದರೂ ಸುಬ್ಬರಾಯಪ್ಪ ಒಂದು ವ್ಯಾನು ಮಾಡಿ, ಸುಗಂಧರಾಜದ ಹಾರ ಕೊಂಡು, ಕದಿರಪ್ಪನನ್ನೂ ಪಿಳ್ಳಮ್ಮನನ್ನೂ ಹತ್ತಿಸಿಕೊಂಡು ಬಂಗಾರಪೇಟೆ ಸ್ಟೇಷನ್ನಿಗೆ ಹೊರಟ. “ಕಾಲು ನೋವಿನ ಹುಡುಗ. ಮೆಟ್ಟಿಲು ಅತ್ತಿ ಇಳಿದು ಬರಬೇಕು. ನಾಕ್ ಜನ ಇರಬ್ಯಾಡ್ವಾ?” ಎಂಬುದು ಅವನ ವಾದ. ಮುನೀಂದ್ರ ಗಲ್ಲಿಗೇರುವವನಂತೆ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತ.

ಬೆಂಗಳೂರು ಕಡೆಯಿಂದ ರೈಲು ಬಂತು. ಬಾಗಿಲು ಬಾಗಿಲಿನಿಂದಲೂ ಜನ ಸುರಿದರು. ಸುಬ್ಬರಾಯಪ್ಪ ಹಾರ ಹಿಡಿದು ಎತ್ತರದವರನ್ನೆಲ್ಲ ಅಡ್ಡಗಟ್ಟತೊಡಗಿದ. ಒಬ್ಬ ಮಿಲಿಟರಿಯವನು ಹಿಂದಿಯಲ್ಲಿ ಗದರಿದ. ಒಬ್ಬ ಪಾದ್ರಿ ಆಶೀರ್ವಾದ ಮಾಡಿ ಹೋದರು. ಕೊನೆಗೆ ಕೋಟು ತೊಟ್ಟ, ಎಲ್ಲರಿಗಿಂತ ಒಂದು ತಲೆ ಎತ್ತರದ, ಸ್ವಲ್ಪ ಕುಂಟುತ್ತಿದ್ದ ಒಬ್ಬರು ಅವರ ಕಡೆಗೇ ನಡೆದು ಬಂದರು. ಸುಬ್ಬರಾಯಪ್ಪ ಒಂದು ಮಾತೂ ಆಡದೆ ಹಾರ ಹಾಕಿಬಿಟ್ಟ. ಪಿಳ್ಳಮ್ಮ ದೃಷ್ಟಿ ತೆಗೆದಳು.

“ಬಾಪ್ಪ ಆಲಪ್ಪ. ನಮ್ಮಕ್ಕ ನಿನ್ನ ಎಸ್ರಲ್ಲೇ ಉಸಿರಾಡ್ತಾವ್ಳೆ.”

ಕೋಟಿನವರು ಹಾರವನ್ನು ಎರಡು ಬೆರಳಿನಿಂದ ಎತ್ತಿ ನೋಡಿದರು. “ನಾನು ಟಿ.ಸಿ. ಪ್ಲಾಟ್‌ಫಾರಂ ಟಿಕೆಟ್ ತೋರಿಸಿ” ಎಂದರು.

ಯಾರ ಹತ್ತಿರವೂ ಇರಲಿಲ್ಲ. ಭಾವೀ ಅಳಿಯನನ್ನು ಎದುರುಗೊಳ್ಳಲು ಬಂದವರಿಗೆ ಟಿಕೆಟ್ ಕೇಳುವ ಕಾನೂನಿನ ಬಗ್ಗೆ ಸುಬ್ಬರಾಯಪ್ಪ ದೀರ್ಘವಾಗಿ ವಾದಿಸಿದ. ಟಿ.ಸಿ.ಯವರು ಹಾರ ಹಾಕಿಕೊಂಡೇ ದಂಡದ ರಸೀದಿ ಬರೆದರು. ಆ ಗದ್ದಲದ ನಡುವೆ ಮುನೀಂದ್ರನ ಫೋನು ಬಡಿದುಕೊಂಡಿತು. ಕುಪ್ಪುಸ್ವಾಮಿ. ಸ್ಟೇಷನ್ನಿನ ಸದ್ದಿನಲ್ಲಿ ಏನೂ ಕೇಳದೆ ಮುನೀಂದ್ರ ಸ್ಪೀಕರಿಗೆ ಹಾಕಿದ.

“ಸಾರ್, ಮುಗೀತು ಸಾರ್. ನಿಮ್ ಹಾಲ್ಬರ್ಗ್ ಇಳೀಲಿಲ್ಲ. ಆಟಕ್ಕೆ ಮುಂಚೆ ಮೈ ಬಿಸಿ ಮಾಡ್ಕೊಳೋವಾಗ್ಲೇ ಮೊಣಕಾಲು ಹೋಯ್ತು. ಹೊತ್ಕೊಂಡ್ ಹೋದ್ರು. ತೆಗೆದು ಹಾಕ್ಬಿಡಿ ಸಾರ್ ಅವನ್ನ, ಇನ್ನು ಅವನು ಏಳಲ್ಲ.”

ಟಿ.ಸಿ.ಯವರು ಮೆಲ್ಲಗೆ ಹಾರ ತೆಗೆದು ಸುಬ್ಬರಾಯಪ್ಪನ ಕೈಗೆ ಕೊಟ್ಟು, “ಪಾಪ” ಎಂದು ಹೋದರು. ರಸೀದಿ ಮಾತ್ರ ಹಿಂದಕ್ಕೆ ಪಡೆಯಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಹಾಲಪ್ಪನ ಬೆಲೆ ಮೈಲಿ ಮೈಲಿಗೂ ಇಳಿಯಿತು. ಕದಿರಪ್ಪ, ಎರಡನೇ ಸಲ ಮುರಿದ ಕಾಲು ಕೂಡುವುದಿಲ್ಲ ಎಂದ. ಪಿಳ್ಳಮ್ಮ, ಅದಕ್ಕೇ ನಾವು ಬ್ಯಾಡ ಅಂದಿದ್ದು ಎಂದಳು. ಸುಬ್ಬರಾಯಪ್ಪ, ಆ ಮನೆಯವರೆಲ್ಲ ಹಾಗೇ, ಅವರಪ್ಪನಿಗೂ ಬೀಡಿ ಸೇದಿದರೆ ಮೈ ನಡುಗುತ್ತಿತ್ತು ಎಂದ. ಮನೆ ಮುಟ್ಟುವ ಹೊತ್ತಿಗೆ ಸಂಬಂಧ ಕೈಬಿಡುವುದೆಂದು ಒಮ್ಮತದ ತೀರ್ಮಾನವಾಗಿತ್ತು. ಮುನೀಂದ್ರನಿಗೆ ಒಳಗೊಳಗೇ ಹಗುರವಾಯಿತು. ಇಷ್ಟು ಸುಲಭಕ್ಕೆ ಬಿಡುಗಡೆ ಸಿಗುತ್ತದೆಂದು ಅವನು ಎಣಿಸಿರಲಿಲ್ಲ.

ಅನಸೂಯಮ್ಮ ಹೊಸ ಸೀರೆ ಉಟ್ಟು, ಬೆನ್ನಿಗೆ ದಿಂಬು ಕೊಟ್ಟುಕೊಂಡು ಬಾಗಿಲು ನೋಡುತ್ತ ಕೂತಿದ್ದರು. ತಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಅವನ ಅತ್ರ ಯಾರವ್ರೆ ಈಗ?” ಎಂದು ಕೇಳಿದರು.

“ಯಾರಿದ್ರೆ ನಮಗೇನಕ್ಕಾ? ಬಿಟ್ಟಾಕು. ಬ್ಯಾರೆ ನೋಡಾನ.”

“ನಮ್ಮುಡುಗಿ ಕೈ ನೋಡಿ ಬಿಟ್ಟಾಕಿ ಓದ್ರಲ್ಲ, ಅವ್ರಿಗೆ ನಾನು ಎಷ್ಟು ಶಾಪ ಆಕಿದೀನಿ ನಿಂಗೆ ಗೊತ್ತೇನೋ? ಈಗ ಅವನ ಕಾಲು ನೋಡಿ ನಾವು ಬಿಟ್ಟಾಕಾನ? ಆ ಶಾಪ ಎಲ್ಲಾ ಯಾರಿಗ್ ಬತ್ತದೆ?” ಅಷ್ಟು ಮಾತಿಗೇ ಅವರಿಗೆ ಉಬ್ಬಸ ಬಂತು. ಶ್ಯಾಮಲ ಬೆನ್ನು ನೀವಿದಳು. “ಮುನೀಂದ್ರ, ಮುರಿದ ಮೂಳೆ ಕೂಡಿಸ್ತಾರಲ್ಲ, ಆ ಪುತ್ತೂರಿಗೆ ಕರ್ಕಂಡೋಗಿ ಕಟ್ಟು ಆಕ್ಸು ಅಂತ ಏಳು ಅವ್ರ ಮನೆಯೋರಿಗೆ. ನಾವು ಕಾಯ್ತೀವಿ ಅನ್ನು. ನೀನು ಅವನ್ನ ಬಿಡಬ್ಯಾಡ. ಬಿಡಾಕಿಲ್ಲ ಅನ್ನು.”

“ಬಿಡಾಕಿಲ್ಲಮ್ಮ” ಎಂದ ಮುನೀಂದ್ರ.

ಅವನು ಬಿಡಲಿಲ್ಲ. ಇಡೀ ಪ್ರಪಂಚದಲ್ಲಿ ಹಾಲ್ಬರ್ಗ್‌ನನ್ನು ಆರಿಸಿದ್ದ ಬೆರಳೆಣಿಕೆಯ ಮಂದಿಯೂ ಆ ವಾರವೇ ಅವನನ್ನು ತೆಗೆದುಹಾಕಿದರು. ಮುನೀಂದ್ರನ ತಂಡದಲ್ಲಿ ಮಾತ್ರ ಹಾಲ್ಬರ್ಗ್ ಹೆಸರಿನ ಪಕ್ಕ ಗಾಯಾಳು ಎಂಬ ಕೆಂಪು ಗುರುತು ಹೊತ್ತು ಗೋಲಿನ ಬಾಯಲ್ಲಿ ನಿಂತಿದ್ದ, ಅಥವಾ ಮಲಗಿದ್ದ. ವಾರವಾರವೂ ಸೊನ್ನೆ. ಮುನೀಂದ್ರ ಪಟ್ಟಿಯ ನಡುವಿನಿಂದ ಜಾರಿ ಮತ್ತೆ ತಳ ಸೇರಿದ.

“ಯಾಕ್ ಸಾರ್ ಇನ್ನೂ ಅವನ್ನೇ ಇಟ್ಕೊಂಡಿದೀರಾ? ಒಂದು ಗುಂಡಿ ಒತ್ತಿದ್ರೆ ಹೋಗ್ತಾನೆ” ಎಂದಳು ಸೆಲ್ವಿ ಮೇಡಂ ಸ್ಟಾಫ್ ರೂಮಿನಲ್ಲಿ.

“ನಮ್ಮಮ್ಮ ಬಿಡಬ್ಯಾಡ ಅಂದವ್ರೆ” ಎಂದ ಮುನೀಂದ್ರ. ಸ್ಟಾಫ್ ರೂಮು ನಕ್ಕಿತು. ಅವನ ಮುಖ ನೋಡಿ ಕುಪ್ಪುಸ್ವಾಮಿಯೊಬ್ಬ ನಗಲಿಲ್ಲ. ರೈಲಿನ ಹೊತ್ತಿಗೆ ಸ್ಟೇಷನ್ನಿನವರೆಗೆ ಜೊತೆಗೆ ನಡೆದು ಬಂದು ವಿಷಯ ಕೇಳಿಕೊಂಡ. ಅಂದಿನಿಂದ ಪ್ರತಿ ಸೋಮವಾರ ಅವನೇ ಹಾಲ್ಬರ್ಗ್‌ನ ಆರೋಗ್ಯದ ಸುದ್ದಿ ಹುಡುಕಿ ತಂದು ಹೇಳತೊಡಗಿದ. ಇವತ್ತು ಕೋಲು ಹಿಡಿದು ನಾಲ್ಕು ಹೆಜ್ಜೆ ಇಟ್ಟನಂತೆ, ಇವತ್ತು ಊತ ಇಳಿದಿದೆಯಂತೆ. ಮುನೀಂದ್ರ ಅದನ್ನು ಮನೆಗೆ ಬಂದು ತಾಯಿಗೆ ಹೇಳುವನು. ಅನಸೂಯಮ್ಮ ಕಣ್ಣು ಮುಚ್ಚಿಕೊಂಡೇ, “ಅಂಗಾರೆ ಬೇಗ ಬತ್ತಾನೆ” ಎನ್ನುವರು. ಅವರ ಕಾಲಿನ ಊತ ಮಾತ್ರ ದಿನದಿನಕ್ಕೂ ಏರುತ್ತಿತ್ತು. ಗಂಜಿ ಅರ್ಧ ಬಟ್ಟಲಿನಿಂದ ಒಂದು ಗುಟುಕಿಗೆ ಇಳಿಯಿತು.

ಒಂದು ಬುಧವಾರ ಬೆಳಿಗ್ಗೆ ಶ್ಯಾಮಲ ಹಾಲು ಕರೆದು ಒಳಗೆ ಬಂದಾಗ ಅನಸೂಯಮ್ಮ ಬಾಗಿಲ ಕಡೆಗೆ ಮುಖ ಮಾಡಿ ಮಲಗಿದ್ದರು. ಕಣ್ಣು ತೆರೆದಿದ್ದವು. ಉಸಿರಿರಲಿಲ್ಲ.

ಹೊತ್ತು ಏರುವುದರೊಳಗೆ ನೆಂಟರು ನೆರೆದರು. ಹೊಲದಲ್ಲಿ ಗುಂಡಿ ತೋಡಿದ್ದಾಯಿತು, ತಮಟೆಯವರು ಬಂದದ್ದಾಯಿತು, ಹೂವು ಬಂತು. ಹೆಣ ಎತ್ತಬೇಕು ಎನ್ನುವಾಗ ಸುಬ್ಬರಾಯಪ್ಪ ಚಟ್ಟದ ಮುಂದೆ ಅಡ್ಡ ನಿಂತ. ಒಂದು ತಿಂಗಳ ಹಿಂದೆ ಹಾಲಪ್ಪನನ್ನು ಬಿಟ್ಟುಹಾಕು ಎಂದಿದ್ದವನು ಅವನೇ ಎಂಬುದು ಅವನಿಗೆ ನೆನಪಿರಲಿಲ್ಲ.

“ಅಳಿಯ ಬರ್ಲಿ. ನಮ್ಮಕ್ಕ ಕೊನೇ ಉಸಿರಿನವರ್ಗೂ ಆಲಪ್ಪ ಆಲಪ್ಪ ಅಂತಿದ್ಳು. ಅವನು ಒಂದು ಇಡಿ ಮಣ್ಣು ಆಕ್ಲಿ. ಆಮೇಲೆ ಎತ್ತಾನ.”

“ಏಳಿಕಳ್ಸಿದೀರಾ?” ಎಂದು ಕದಿರಪ್ಪ ಕೇಳಿದ. ಎಲ್ಲರ ಕಣ್ಣೂ ಮುನೀಂದ್ರನ ಮೇಲೆ ಬಿದ್ದವು. ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ, ಬೆಂಕಿಯ ಮಡಕೆ ಹಿಡಿದು ನಿಂತಿದ್ದ ಅವನು ಬಾಯಿ ತೆರೆದ. ಈ ಸಲ “ಊಂ” ಕೂಡ ಬರಲಿಲ್ಲ.

ಬಿಸಿಲು ಏರಿತು. ಹೆಣದ ಮೇಲಿನ ಹೂವು ಬಾಡಿತು. ತಮಟೆಯವರು ಬಡಿದು ಬಡಿದು ಸುಸ್ತಾಗಿ ಹುಣಸೆಮರದ ಕೆಳಗೆ ಕೂತರು. ಕಾಯಬೇಕು ಎನ್ನುವವರದೊಂದು ಗುಂಪಾಯಿತು, ಸಾವಿಗೂ ಬರದವನು ಎಂಥ ಅಳಿಯ ಎನ್ನುವವರದೊಂದು ಗುಂಪಾಯಿತು. ಬರದಿದ್ದರೆ ಮಾಲೂರಿಗೇ ಹೋಗಿ ಪಂಚಾಯ್ತಿ ಸೇರಿಸುವುದೆಂದು ಕೆಲವರು ಎದ್ದು ನಿಂತರು. ಅಷ್ಟರಲ್ಲಿ ರಸ್ತೆಯಲ್ಲಿ ಧೂಳೆಬ್ಬಿಸುತ್ತ ಒಂದು ಕಾರು ಬಂತು. “ಬಂದ” ಎಂದು ಯಾರೋ ಅಂದರು. ಜನವೆಲ್ಲ ಎದ್ದು ದಾರಿ ಬಿಟ್ಟಿತು. ತಮಟೆ ಒಮ್ಮೆಗೇ ಮೊಳಗಿತು.

ಕಾರಿನಿಂದ ಸೆಲ್ವಿ ಮೇಡಂ ಇಳಿದಳು. ಅವಳ ಹಿಂದೆ ಐದಡಿ ಎತ್ತರದ ಕುಪ್ಪುಸ್ವಾಮಿ ಹಾರ ಹಿಡಿದು ಇಳಿದ. ಸುಬ್ಬರಾಯಪ್ಪ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದು ಕಣ್ಣೊರೆಸಿಕೊಂಡ. “ಆಪರೇಷನ್‌ನಾಗೆ ಇಷ್ಟು ಕತ್ತರಿಸ್ಬಿಟ್ರಾ?”

ತನ್ನನ್ನೇ ಹಾಲಪ್ಪ ಎಂದುಕೊಂಡಿದ್ದಾರೆಂದು ಹೊಳೆಯದೆ ಕುಪ್ಪುಸ್ವಾಮಿ ಮುನೀಂದ್ರನ ಕಡೆ ನೋಡಿದ. ಆಗ ಹೆಣದ ತಲೆಯ ಬಳಿ ಕೂತಿದ್ದ ಭಾನುಪ್ರಿಯ ಎದ್ದು ನಿಂತಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ.

“ಆಲಪ್ಪ ಬರಾಕಿಲ್ಲ” ಎಂದಳು. “ನಾನೇ ಬ್ಯಾಡ ಅಂದೆ.”

ತಮಟೆ ನಿಂತಿತು.

“ಬ್ಯಾಡ ಅಂದ್ಯಾ? ನೀನಾ?” ಸುಬ್ಬರಾಯಪ್ಪನಿಗೆ ನಂಬಿಕೆ ಬರಲಿಲ್ಲ. “ಯಾವಾಗ?”

“ಮೊನ್ನೆ. ಫೋನ್ ಮಾಡಿದ್ದ. ಮದುವೆ ಆಗಾನ ಅಂದ. ನಂಗಿಷ್ಟ ಇಲ್ಲ, ಬರಬ್ಯಾಡ ಅಂದೆ. ಅಮ್ಮಂಗೆ ಏಳಿರ್ಲಿಲ್ಲ.”

“ಯಾಕೆ? ಏನು ಕಮ್ಮಿಯಾಗಿತ್ತು ಅವನ್ಗೆ? ಕಾಲಾ?”

“ಕಾಲಲ್ಲ. ಏನೂ ಕಮ್ಮಿ ಇರ್ಲಿಲ್ಲ” ಎಂದಳು ಭಾನುಪ್ರಿಯ. “ನಂಗೆ ಬ್ಯಾಡ ಅನ್ನಿಸ್ತು. ಅದ್ಕೆ ಅಂದೆ. ಈಗ ಎತ್ತಿ, ಅಮ್ಮಂಗೆ ಬಿಸ್ಲಾಯ್ತದೆ.”

ಹೆಂಗಸರ ನಡುವೆ ಒಂದು ಗುಸುಗುಸು ಹರಿಯಿತು. ಪಿಳ್ಳಮ್ಮ ಎರಡೂ ಕೆನ್ನೆಗೆ ಕೈ ಇಟ್ಟುಕೊಂಡಳು. ಬಂದವರೆಲ್ಲ ಬೇಡವೆಂದು ಹೋದ ಹುಡುಗಿ, ಮಾವಿನ ತೋಪಿನ ಒಡೆಯನನ್ನು, ಬಾಗಿಲಿಗೆ ತಲೆ ತಾಗುವ ಕೀಪರನನ್ನು, ತಾನಾಗಿ ಒಲ್ಲೆ ಎಂದಿದ್ದಳು. ಅದು ತಪ್ಪೋ ಸರಿಯೋ ಯಾರಿಗೂ ಹೊಳೆಯಲಿಲ್ಲ. ಆದರೆ ಹೆಣ ಎತ್ತಿದಾಗ ಜನ ಅವಳಿಗೆ ಎಂದೂ ಇಲ್ಲದಷ್ಟು ಜಾಗ ಬಿಟ್ಟು ಪಕ್ಕಕ್ಕೆ ಸರಿದರು. ಅವಳು ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ ಚಟ್ಟದ ಹಿಂದೆಯೇ ನಡೆದಳು. ಗುಂಡಿಯ ಹತ್ತಿರ ಹಿಡಿ ಮಣ್ಣು ಹಾಕಿದ ಮೇಲೆ ಅಲ್ಲೇ ಕುಸಿದು ಕೂತು ಅತ್ತಳು. ಮುನೀಂದ್ರ ಪಕ್ಕದಲ್ಲಿ ಕೂತ. ಇಬ್ಬರೂ ಎದ್ದು ಬರಲು ಬಹಳ ಹೊತ್ತಾಯಿತು.

ತಿಥಿಯ ದಿನ ಊಟವಾದ ಮೇಲೆ ನೆಂಟರೆಲ್ಲ ಚಪ್ಪರದ ನೆರಳಿನಲ್ಲಿ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಭಾನುಪ್ರಿಯ ಎಂಜಲೆಲೆ ಬಳಿಯುತ್ತಿದ್ದಳು, ಮುನೀಂದ್ರ ನೀರು ಹಾಕುತ್ತಿದ್ದ. ಸುಬ್ಬರಾಯಪ್ಪ ಅತ್ತಿತ್ತ ನೋಡಿ, ಕೆಮ್ಮಿ, ಅವರ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ದನಿ ಬಹಳ ತಗ್ಗಿಸಿದ್ದ.

“ಭಾನು, ನೀನು ಬ್ಯಾಡ ಅಂದಿದ್ದು ಆಯ್ತು. ಅದು ನಿನ್ನಿಷ್ಟ. ನಂದೇನಿಲ್ಲ. ಆ ಹುಡುಗ ಇನ್ನೂ ಅಂಗೇ ಅವ್ನಾ? ನಮ್ಮ ಷಡ್ಡಕನ ಮಗಳೊಬ್ಳವ್ಳೆ. ಅವನ ನಂಬರ್ ಒಸಿ ಕೊಟ್ರೆ ನಾನೇ ಮಾತಾಡ್ತೀನಿ.”

ಮುನೀಂದ್ರನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ಭಾನುಪ್ರಿಯ ಎಲೆಗಳನ್ನು ಬುಟ್ಟಿಗೆ ಹಾಕಿ, ಸೊಂಟ ನೆಟ್ಟಗೆ ಮಾಡಿಕೊಂಡು, ಹೊಲದ ಕಡೆ ನೋಡಿದಳು.

“ಈಗ್ಲೇ ಬ್ಯಾಡ ಮಾವ” ಎಂದಳು. “ಒಸಿ ದಿನ ಓಗ್ಲಿ. ಅಮ್ಮ ಓಯ್ತು ಅಂತ ಅವನು ಊಟಾನೇ ಸರಿಯಾಗಿ ಮಾಡ್ತಿಲ್ವಂತೆ.”

ಸುಬ್ಬರಾಯಪ್ಪ ತಲೆದೂಗಿದ. ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ.

“ಒಳ್ಳೇ ಹುಡುಗ ಪಾಪ” ಎಂದ.